ಮಂಡಲದ ಹಾವು, ಹೆಪ್ಪು ಮತ್ತು ಉಚ್ಚೆಯ ಚರಿತ್ರೆ

ದಾವಣಗೆರೆಯಿಂದ ಹದಡಿಯ ದಾರಿ ಹಿಡಿದರೆ ಪೇಟೆ ಮುಗಿಯುತ್ತಿದ್ದಂತೆ ಗದ್ದೆ, ತೋಟ ಶುರುವಾಗುತ್ತವೆ. ಭದ್ರಾ ನಾಲೆಯ ನೀರು ಹರಿದ ಮೇಲೆ ಈ ಸೀಮೆಯ ಜೋಳ ರಾಗಿಗಳ ಜಾಗಕ್ಕೆ ಭತ್ತ ಬಂತು. ಭತ್ತ ಬಂದಲ್ಲಿ ಇಲಿ, ಇಲಿ ಬಂದಲ್ಲಿ ಕೊಳಕುಮಂಡಲ. ಬದುವಿನ ಹುಲ್ಲಿನಲ್ಲಿ, ಮೆದೆಯ ಬುಡದಲ್ಲಿ ಕದಲದೆ ಮಲಗುವ ಈ ಹಾವನ್ನು ತುಳಿದವರನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಮೊದಲು ಎರಡು ಸಂಗತಿ ನೋಡುತ್ತಾರೆ. ಒಂದು, ರಕ್ತ. ಎರಡು ಎಂ.ಎಲ್.ನಷ್ಟು ರಕ್ತವನ್ನು ಒಣಗಿದ, ಶುದ್ಧವಾದ ಗಾಜಿನ ನಳಿಗೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತಾರೆ. ಗಟ್ಟಿಯಾಗದೆ ನೀರಿನಂತೆ ಹರಿದರೆ ವಿಷ ಮೈಗೇರಿದೆ ಎಂದು ಅರ್ಥ. ಎರಡನೆಯದು, ಉಚ್ಚೆ. ಎಷ್ಟು ಹೋಯಿತು, ಬಣ್ಣ ಯಾವುದು.

ನಳಿಗೆಯಲ್ಲಿನ ರಕ್ತಕ್ಕೂ ಬಾಟಲಿಯಲ್ಲಿನ ಮೂತ್ರಕ್ಕೂ ಏನು ಸಂಬಂಧ? ರಕ್ತ ಹೆಪ್ಪುಗಟ್ಟುವುದು ರಕ್ತದ ವ್ಯವಹಾರ, ಮೂತ್ರ ಸೋಸುವುದು ಮೂತ್ರಪಿಂಡದ ವ್ಯವಹಾರ ಎಂದೇ ನಾವು ಶಾಲೆಯಲ್ಲಿ ಓದಿದ್ದು. ಇವೆರಡೂ ಒಂದೇ ಮನೆಯ ಲೆಕ್ಕಗಳು ಎಂದು ಗೊತ್ತಾಗಲು ಸುಮಾರು ನೂರೈವತ್ತು ವರ್ಷ ಹಿಡಿಯಿತು. ಆ ಕಥೆಯ ಒಂದು ಮುಖ್ಯ ತಿರುವಿನಲ್ಲಿ ನಿಂತಿರುವುದು ಇದೇ ಮಂಡಲದ ಹಾವು.

ಮೊದಲು ಒಂದು ಪದದ ಬಗ್ಗೆ. ಹಾಲಿಗೆ ‘ಹೆಪ್ಪು’ ಹಾಕುತ್ತೇವೆ. ಹಿಂದಿನ ದಿನದ ಒಂದು ಚಮಚ ಮಜ್ಜಿಗೆ ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡುತ್ತದೆ. ಕನ್ನಡ ಈ ಅಡುಗೆಮನೆಯ ಮಾತನ್ನೇ ರಕ್ತಕ್ಕೂ ಕೊಟ್ಟು ‘ರಕ್ತ ಹೆಪ್ಪುಗಟ್ಟಿತು’ ಎನ್ನುತ್ತದೆ. ಇಂಗ್ಲಿಷಿನ ಕ್ಲಾಟ್ ಎಂಬ ಪದ ಬರೀ ಗಟ್ಟಿಯಾದ ಉಂಡೆಯನ್ನು ತೋರಿಸುತ್ತದೆ. ನಮ್ಮ ಪದದಲ್ಲಿ ಗಟ್ಟಿಯಾಗಿಸುವ ವಸ್ತುವೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಡೋರ್ಪಾಟ್ (ಇಂದಿನ ಎಸ್ಟೋನಿಯಾದ ಟಾರ್ಟು) ನಗರದ ಅಲೆಕ್ಸಾಂಡರ್ ಸ್ಮಿಟ್ ರಕ್ತವನ್ನು ಗಟ್ಟಿಯಾಗಿಸುವ ವಸ್ತುವೊಂದನ್ನು ಗುರುತಿಸಿ ಅದಕ್ಕೆ ‘ಫೈಬ್ರಿನ್ ಫರ್ಮೆಂಟ್’ ಎಂದು ಹೆಸರಿಟ್ಟ. ಫೈಬ್ರಿನ್ ಎಂದರೆ ರಕ್ತ ಗಟ್ಟಿಯಾಗುವಾಗ ಹುಟ್ಟುವ ನೂಲಿನಂಥ ಪ್ರೋಟೀನು. ಫರ್ಮೆಂಟ್ ಎಂದರೆ ಹೆಪ್ಪು. ಅವನಿಗೆ ಕನ್ನಡ ಬರುತ್ತಿದ್ದರೆ ಹೊಸ ಹೆಸರು ಹುಡುಕುವ ಶ್ರಮವೇ ಇರುತ್ತಿರಲಿಲ್ಲ.

ಆ ಹೆಪ್ಪನ್ನು ಈಗ ಥ್ರಾಂಬಿನ್ ಎನ್ನುತ್ತೇವೆ. ಅದು ಸದಾ ರಕ್ತದಲ್ಲಿ ಓಡಾಡುತ್ತಿದ್ದರೆ ನಾವು ಬದುಕಲಾಗದು. ಆದ್ದರಿಂದ ಯಕೃತ್ತು ಅದನ್ನು ಪ್ರೋಥ್ರಾಂಬಿನ್ ಎಂಬ ನಿರುಪದ್ರವಿ ರೂಪದಲ್ಲಿ ತಯಾರಿಸಿ ಬಿಡುತ್ತದೆ. ಗಾಯವಾದಾಗ ಇನ್ನೊಂದು ಕಿಣ್ವ ಬಂದು ಅದನ್ನು ತುಂಡರಿಸುತ್ತದೆ. ಒಂದು ಭಾಗ ಥ್ರಾಂಬಿನ್ ಆಗಿ ಫೈಬ್ರಿನ್ ನೂಲುಗಳ ಬಲೆ ನೇಯಿಸುತ್ತದೆ, ಉಳಿದ ತಲೆಯ ಭಾಗ ಬೇರೆಯಾಗುತ್ತದೆ. ಕಡಿದು ಬಿದ್ದ ಈ ತಲೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ಅನಿರೀಕ್ಷಿತ ಜಾಗದಲ್ಲಿ ಸಿಗಲಿದೆ.

ಇನ್ನು ಮೂತ್ರದ ಕಡೆ. ಮೂತ್ರವನ್ನು ನೋಡಿ ರೋಗ ಹೇಳುವ ಪದ್ಧತಿ ಎಲ್ಲ ನಾಡುಗಳಲ್ಲೂ ಇತ್ತು. ಯುರೋಪಿನ ವೈದ್ಯರು ಗಾಜಿನ ಬುರುಡೆಯಲ್ಲಿ ಬಣ್ಣ ನೋಡುತ್ತಿದ್ದರು. ನಮ್ಮಲ್ಲಿ ಮೂತ್ರದ ಮೇಲೆ ಎಣ್ಣೆಯ ಹನಿ ಬಿಟ್ಟು ಅದು ಹರಡುವ ಬಗೆ ನೋಡುವ ತೈಲಬಿಂದು ಪರೀಕ್ಷೆ ಇತ್ತು. ಇವನ್ನು ದಾಟಿದ ನಿಜವಾದ ಹೆಜ್ಜೆ 1827ರದು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದ. ಮೊಟ್ಟೆಯ ಬಿಳಿಯಂತೆ ಅದು ಗಟ್ಟಿಯಾಯಿತು. ಸತ್ತವರ ದೇಹವನ್ನು ಕೊಯ್ದು ನೋಡಿದಾಗ ಮೂತ್ರಪಿಂಡಗಳು ಕೆಟ್ಟಿದ್ದವು. ರಕ್ತದ ಆಲ್ಬುಮಿನ್ ಸೋರುತ್ತಿದೆ, ಸೋಸುವ ಬಟ್ಟೆ ಹರಿದಿದೆ.

ಇದು ದೊಡ್ಡ ಶೋಧ, ಅನುಮಾನವೇ ಇಲ್ಲ. ಆದರೆ ದೊಡ್ಡ ಶೋಧಗಳು ಒಂದು ಕಣ್ಣು ಕೊಟ್ಟು ಇನ್ನೊಂದನ್ನು ಮುಚ್ಚುವುದೂ ಉಂಟು. ಬ್ರೈಟ್‌ನ ನಂತರ ಮೂತ್ರದಲ್ಲಿ ಪ್ರೋಟೀನು ಕಂಡರೆ ಅದು ರಕ್ತದಿಂದ ಸೋರಿದ್ದು ಎಂಬ ಎಣಿಕೆ ಗಟ್ಟಿಯಾಗಿ ಕೂತಿತು. ಮೂತ್ರಪಿಂಡ ಬರೀ ಜರಡಿ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿ ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಟ್ಟು, ಉಳಿದದ್ದನ್ನು ರಕ್ತಕ್ಕೆ ಹಿಂತಿರುಗಿಸುವ ಜರಡಿ. ಜರಡಿಗೆ ಸ್ವಂತದ್ದೇನೂ ಇರುವುದಿಲ್ಲ. ನಮ್ಮ ಹಳೆಯ ಪಠ್ಯಪುಸ್ತಕಗಳು ಮೂತ್ರಪಿಂಡವನ್ನು ‘ಮೂತ್ರಜನಕಾಂಗ’ ಎಂದು ಕರೆಯುತ್ತಿದ್ದವು. ಆ ಪದ ನನಗೆ ಬಾಲ್ಯದಲ್ಲಿ ಅನಗತ್ಯವಾಗಿ ಉದ್ದ ಅನ್ನಿಸುತ್ತಿತ್ತು. ಈಗ ನೋಡಿದರೆ ಅದರಲ್ಲಿ ‘ಜನಕ’ ಇದೆ. ಹುಟ್ಟಿಸುವ ಅಂಗ.

ಕೊಳಕುಮಂಡಲ ಪಾಶ್ಚಾತ್ಯ ವಿಜ್ಞಾನದ ಪುಸ್ತಕ ಸೇರಿದ್ದು ಆಂಧ್ರದ ಕರಾವಳಿಯಿಂದ. ಈಸ್ಟ್ ಇಂಡಿಯಾ ಕಂಪನಿಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿದ್ದಾಗ ಕೋರಮಂಡಲ ತೀರದ ಹಾವುಗಳನ್ನು ಬಿಡಿಸಿ ಬರೆದ ಗ್ರಂಥ 1796ರಲ್ಲಿ ಅಚ್ಚಾಯಿತು. ಮರುವರ್ಷವೇ ಹಾವಿಗೆ ಅವನ ಹೆಸರು ಬಿತ್ತು. ಹಾವಿಗೇನು ಹೆಸರಿಗೆ ಬರವಿರಲಿಲ್ಲ. ಸುಶ್ರುತ ಸಂಹಿತೆ ಹಾವುಗಳನ್ನು ವಿಂಗಡಿಸುವಾಗ ಹೆಡೆಯವು, ಮಂಡಲದವು, ಗೆರೆಯವು ಎಂದು ಬೇರೆ ಮಾಡುತ್ತದೆ. ಮಂಡಲಿ ಕಚ್ಚಿದವರಿಗೆ ಮೇಲಿನಿಂದಲೂ ಕೆಳಗಿನಿಂದಲೂ ರಕ್ತ ಬರುತ್ತದೆ ಎಂಬ ಗಮನಿಕೆಯೂ ಅಲ್ಲಿದೆ. ಕನ್ನಡದಲ್ಲಿ ಹದಿನಾಲ್ಕನೇ ಶತಮಾನದ ಮಂಗರಾಜ ಖಗೇಂದ್ರಮಣಿದರ್ಪಣ ಎಂಬ ವಿಷವೈದ್ಯ ಕಾವ್ಯವನ್ನೇ ಬರೆದ. ‘ಕೊಳಕುಮಂಡಲ’ದ ‘ಮಂಡಲ’ ಆ ಹಳೆಯ ವಿಂಗಡಣೆಯ ಗುರುತು. ಕಚ್ಚಿದ ಜಾಗ ಕೊಳೆಯುತ್ತದೆ, ಅದಕ್ಕೇ ‘ಕೊಳಕು’ ಎಂದು ಊರಿನ ಹಿರಿಯರು ಹೇಳುತ್ತಾರೆ.

1934ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಎಳೆಯ ವೈದ್ಯ ರಾಬರ್ಟ್ ಗ್ವಿನ್ ಮ್ಯಾಕ್‌ಫಾರ್ಲೇನ್‌ಗೆ ಒಂದು ಚಿಂತೆ ಹತ್ತಿತ್ತು. ಹೀಮೋಫೀಲಿಯಾ ಇರುವ ಮಕ್ಕಳಿಗೆ ಒಂದು ಹಲ್ಲು ಕಿತ್ತರೂ ರಕ್ತ ನಿಲ್ಲುತ್ತಿರಲಿಲ್ಲ. ಕೊಡಲು ಮದ್ದಿರಲಿಲ್ಲ. ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಬರ್ಜೆಸ್ ಬಾರ್ನೆಟ್ ಜೊತೆ ಸೇರಿ ಅವನು ನಾನಾ ಹಾವುಗಳ ವಿಷವನ್ನು ರೋಗಿಗಳ ರಕ್ತದ ಮೇಲೆ ಪ್ರಯೋಗಿಸಿದ. ಎಲ್ಲಕ್ಕಿಂತ ಚುರುಕಾಗಿ ಕೆಲಸ ಮಾಡಿದ್ದು ಕೊಳಕುಮಂಡಲದ್ದು. ಹತ್ತು ಸಾವಿರ ಪಟ್ಟು ತೆಳುವಾಗಿಸಿದರೂ ಹೀಮೋಫೀಲಿಯಾದ ರಕ್ತ ಸೆಕೆಂಡುಗಳಲ್ಲಿ ಹೆಪ್ಪುಗಟ್ಟಿತು. ಇದನ್ನು ಚುಚ್ಚುವಂತಿಲ್ಲ, ಆದರೆ ಗಾಯದ ಮೇಲೆ ಒತ್ತಬಹುದು. ಬರೋಸ್ ವೆಲ್ಕಮ್ ಕಂಪನಿ ಇದನ್ನೇ ‘ಸ್ಟಿಪ್ವೆನ್’ ಎಂಬ ಹೆಸರಿನಲ್ಲಿ ಮಾರಿತು. ಇಂದಿಗೂ ದೊಡ್ಡ ಪ್ರಯೋಗಾಲಯಗಳಲ್ಲಿ ರಕ್ತದ ಒಂದು ಪರೀಕ್ಷೆಗೆ ‘ರಸೆಲ್ಸ್ ವೈಪರ್ ವೆನಮ್ ಟೈಮ್’ ಎಂದೇ ಹೆಸರಿದೆ.

ಹೆಪ್ಪು ಹಾಕುವ ವಸ್ತುವನ್ನು ಹಾವಿನ ಬಾಯಲ್ಲಿ ಕಂಡ ಮ್ಯಾಕ್‌ಫಾರ್ಲೇನ್ ಹದಿಮೂರು ವರ್ಷದ ನಂತರ ಹೆಪ್ಪು ಕರಗಿಸುವ ವಸ್ತುವನ್ನು ಕಂಡ. ಆಗ ಅವನಿದ್ದದ್ದು ಆಕ್ಸ್‌ಫರ್ಡಿನಲ್ಲಿ. 1947ರ ‘ನೇಚರ್’ ಪತ್ರಿಕೆಯಲ್ಲಿ ಅವನೂ ಪಿಲ್ಲಿಂಗ್ ಎಂಬ ಸಹೋದ್ಯೋಗಿಯೂ ಒಂದು ಪುಟ್ಟ ಬರಹ ಪ್ರಕಟಿಸಿದರು. ಆರೋಗ್ಯವಂತರ ಮೂತ್ರ ಫೈಬ್ರಿನ್ನನ್ನು ಕರಗಿಸುತ್ತದೆ ಎಂಬುದು ಅದರ ಸಾರ. ಆರೋಗ್ಯವಂತರ, ಎಂಬುದೇ ಇಲ್ಲಿ ಮುಖ್ಯ. ಬ್ರೈಟ್‌ನ ದಾರಿಯಲ್ಲಿ ಯೋಚಿಸಿದರೆ ರೋಗವಿಲ್ಲದ ಮೂತ್ರದಲ್ಲಿ ಇಂಥದ್ದಕ್ಕೆ ಜಾಗವೇ ಇರಬಾರದು. 1952ರಲ್ಲಿ ಅಮೆರಿಕದ ಸಂಶೋಧಕರು ಆ ವಸ್ತುವಿಗೆ ‘ಯೂರೋಕೈನೇಸ್’ ಎಂದು ಹೆಸರಿಟ್ಟರು. ಅದು ನೇರವಾಗಿ ಹೆಪ್ಪನ್ನು ಕರಗಿಸುವುದಿಲ್ಲ. ರಕ್ತದಲ್ಲಿ ನಿದ್ದೆಯಲ್ಲಿರುವ ಪ್ಲಾಸ್ಮಿನೋಜೆನ್ನನ್ನು ಎಬ್ಬಿಸುತ್ತದೆ, ಎದ್ದ ಪ್ಲಾಸ್ಮಿನ್ ಫೈಬ್ರಿನ್ ನೂಲನ್ನು ಕತ್ತರಿಸುತ್ತದೆ.

ಇದು ಬಂದದ್ದೆಲ್ಲಿಂದ? ರಕ್ತದಿಂದ ಸೋರಿದ್ದೇ, ಅಥವಾ ಮೂತ್ರಪಿಂಡದ ಸ್ವಂತ ತಯಾರಿಕೆಯೇ? ಈ ಪ್ರಶ್ನೆಗೆ ಪಕ್ಕದ ಬಾಗಿಲಿನಿಂದ ಆಗಲೇ ಬೆಳಕು ಬೀಳುತ್ತಿತ್ತು. 1950ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಇಗೋರ್ ಟಾಮ್ ಮತ್ತು ಫ್ರಾಂಕ್ ಹಾರ್ಸ್‌ಫಾಲ್, ಫ್ಲೂ ವೈರಸ್ಸನ್ನು ತಡೆಯುವ ವಸ್ತು ಹುಡುಕುತ್ತ ಮೂತ್ರದಿಂದ ಒಂದು ಲೋಳೆಯಂಥ ಪ್ರೋಟೀನನ್ನು ಬೇರ್ಪಡಿಸಿದ್ದರು. ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚಿರುವ ಪ್ರೋಟೀನು ಅದೇ. ಅದು ರಕ್ತದಿಂದ ಬರುವುದಲ್ಲ, ಮೂತ್ರಪಿಂಡದ ಸೂಕ್ಷ್ಮ ನಾಳಗಳ ಒಂದು ನಿರ್ದಿಷ್ಟ ಭಾಗದ ಜೀವಕೋಶಗಳು ತಯಾರಿಸುವುದು ಎಂದು ಮುಂದೆ ತಿಳಿಯಿತು. ಜರಡಿಗೆ ಸ್ವಂತದ್ದೂ ಇದೆ ಎಂದಾಯಿತು. ಯೂರೋಕೈನೇಸ್ ವಿಷಯದಲ್ಲಿ ತೀರ್ಪು ಕೊಟ್ಟದ್ದು ಗಾಜಿನ ತಟ್ಟೆ. 1960ರ ದಶಕದ ಆರಂಭದಲ್ಲಿ ದೇಹದ ಹೊರಗೆ, ರಕ್ತದ ಸಂಪರ್ಕವೇ ಇಲ್ಲದೆ ಬೆಳೆಸಿದ ಮೂತ್ರಪಿಂಡದ ಜೀವಕೋಶಗಳು ಹೆಪ್ಪು ಕರಗಿಸುವ ಇದೇ ಬಗೆಯ ವಸ್ತುವನ್ನು ಹೊರಹಾಕಿದವು.

ಇಲ್ಲಿಂದ ಕಥೆ ಸ್ವಲ್ಪ ವಿಚಿತ್ರ ದಾರಿಗಳಲ್ಲಿ ಸಾಗುತ್ತದೆ. ಒಂದು ಚಿಟಿಕೆ ಯೂರೋಕೈನೇಸ್‌ಗೆ ಸಾವಿರಾರು ಲೀಟರ್ ಮೂತ್ರ ಬೇಕು. 1970ರ ದಶಕದ ದಕ್ಷಿಣ ಕೊರಿಯಾದಲ್ಲಿ ಸಾರ್ವಜನಿಕ ಶೌಚಾಲಯಗಳಿಂದ ಮೂತ್ರ ಸಂಗ್ರಹಿಸಿ ಇದನ್ನು ತಯಾರಿಸುತ್ತಿದ್ದರು. ಬೇರೆಯವರ ಹೃದಯದ, ಶ್ವಾಸಕೋಶದ ಹೆಪ್ಪು ಕರಗಿಸಲು ತಾವೂ ಒಂದು ಪಾಲು ಕೊಟ್ಟೆವೆಂದು ಮೂತ್ರಕ್ಕೆ ನಿಂತವರಲ್ಲಿ ಎಷ್ಟು ಮಂದಿಗೆ ಅನ್ನಿಸಿತ್ತೋ. ವಿಜ್ಞಾನದ ಚರಿತ್ರೆ ಬರೆಯುವವರು ಇಬ್ಬರು ಮೂವರ ಹೆಸರು ಹೇಳಿ ಮುಗಿಸುತ್ತಾರೆ, ನಾನೂ ಇಲ್ಲಿ ಅದನ್ನೇ ಮಾಡುತ್ತಿದ್ದೇನೆ. ಈ ಸಾಲಿನವರಿಗೆ ಯಾವ ಚರಿತ್ರೆಯಲ್ಲೂ ಜಾಗವಿಲ್ಲ. 1975ರ ಜುಲೈನಲ್ಲಿ ಅಮೆರಿಕದ ಅಪೋಲೊ ಮತ್ತು ರಷ್ಯಾದ ಸೊಯುಜ್ ಆಕಾಶದಲ್ಲಿ ಕೈಕುಲುಕಿದಾಗ ನೌಕೆಯಲ್ಲಿ ಮನುಷ್ಯರ ಮೂತ್ರಪಿಂಡದ ಜೀವಕೋಶಗಳೂ ಇದ್ದವು. ಭಾರವಿಲ್ಲದ ಸ್ಥಿತಿಯಲ್ಲಿ, ಯೂರೋಕೈನೇಸ್ ಹೆಚ್ಚು ತಯಾರಿಸುವ ಕೋಶಗಳನ್ನು ಬೇರೆ ಮಾಡಲಾದೀತೇ ಎಂಬುದು ಆ ಪ್ರಯೋಗ.

1978ರಲ್ಲಿ ಅಮೆರಿಕದಲ್ಲಿ ಅಬ್ಬೋಕೈನೇಸ್ ಎಂಬ ಹೆಸರಿನಲ್ಲಿ ಅದು ಔಷಧಿಯಾಯಿತು. ಅದೇ ಹೊತ್ತಿಗೆ ನಮ್ಮ ಪ್ರಧಾನಿ ಮೊರಾರ್ಜಿ ದೇಸಾಯಿ ಸ್ವಮೂತ್ರಪಾನದ ಮಾತಾಡಿ ಜಗತ್ತಿನ ನಗೆಗೆ ಈಡಾಗಿದ್ದರು. ಮೂತ್ರದಲ್ಲಿ ಜೀವ ಉಳಿಸುವ ಔಷಧಿ ಇದೆಯೆಂದು ಆಗಲೇ ಸಾಬೀತಾಗಿತ್ತಲ್ಲ, ಹಾಗಾದರೆ ಅವರು ಹೇಳಿದ್ದು ಸರಿಯೇ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಸರಿಯಲ್ಲ. ಕುಡಿದ ಪ್ರೋಟೀನು ಹೊಟ್ಟೆಯಲ್ಲಿ ಬೇಳೆಯ ಹಾಗೆಯೇ ಜೀರ್ಣವಾಗುತ್ತದೆ. ಹಾಗೆಯೇ ಮಂಡಲಿಯ ಬಗ್ಗೆ ಸುಶ್ರುತ ಬರೆದದ್ದನ್ನು ತೋರಿಸಿ ಎಲ್ಲವೂ ನಮಗೆ ಮೊದಲೇ ಗೊತ್ತಿತ್ತು ಎನ್ನುವುದೂ ನನಗೆ ಒಪ್ಪಿಗೆಯಿಲ್ಲ. ಆತ ಕಣ್ಣಾರೆ ಕಂಡದ್ದನ್ನು ಚೆನ್ನಾಗಿ ಬರೆದ. ಅದಕ್ಕೆ ಸಲ್ಲಬೇಕಾದ ಗೌರವ ಅದಕ್ಕೆ ಸಾಕು. ಅಬ್ಬೋಕೈನೇಸನ್ನು ಮೂತ್ರದಿಂದಲ್ಲ, ನೇರವಾಗಿ ಮೂತ್ರಪಿಂಡದ ಕೋಶಗಳಿಂದ ತಯಾರಿಸುತ್ತಿದ್ದರು. ಆ ಕೋಶಗಳು ಕೊಲಂಬಿಯಾ ದೇಶದ ಕಾಲಿ ನಗರದಲ್ಲಿ ಹುಟ್ಟುತ್ತಲೇ ತೀರಿಕೊಂಡ ಶಿಶುಗಳವು. ಸೋಂಕಿನ ತಪಾಸಣೆ ಸಾಲದೆಂದು 1999ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಎಚ್ಚರಿಕೆ ಕೊಟ್ಟರು, ಔಷಧಿ ಕೆಲವು ವರ್ಷ ಮಾರುಕಟ್ಟೆಯಿಂದಲೇ ಮರೆಯಾಯಿತು. ‘ಮೂತ್ರಪಿಂಡವೇ ಇದನ್ನು ತಯಾರಿಸುತ್ತದೆ’ ಎಂಬ ಸಾಧಾರಣ ವಾಕ್ಯ ಅಲ್ಲಿಯವರೆಗೆ ಹೋಗಿ ಮುಟ್ಟಿತ್ತು.

ಈಗ ಆ ಕಡಿದ ತಲೆಗೆ ಬರೋಣ. ಅದು ಸಿಕ್ಕಿದ್ದು ಕಲ್ಲಿನೊಳಗೆ.

ಕಲ್ಲಿನ ತೊಂದರೆ ನಮ್ಮ ಬಯಲುಸೀಮೆಗೆ ಹೊಸದಲ್ಲ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಿಗೆ ಬೆನ್ನ ಕೆಳಗೆ ನೋವು ಹೊಡೆದರೆ ಮನೆಮಂದಿ ಹುರುಳಿ ಕಟ್ಟು, ಬಾಳೆದಿಂಡಿನ ರಸ ಎನ್ನುತ್ತಾರೆ. ಮೂತ್ರದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಆದರೆ ಕಲ್ಲೆಂದರೆ ಪೂರ್ತಿ ಕಲ್ಲಲ್ಲ. ಅದರ ತೂಕದ ನೂರಕ್ಕೆ ಎರಡು ಮೂರು ಪಾಲು ಜೈವಿಕ ವಸ್ತು, ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ. ಆ ಗಾರೆಯಲ್ಲಿ ಏನಿದೆ ಎಂದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಫ್ಲಿಂಡರ್ಸ್ ಸಂಸ್ಥೆಯ ರೋಸ್‌ಮರಿ ರಯಾಲ್ ಮತ್ತು ಜೊತೆಗಾರರು ಹುಡುಕಿದರು. ಮನುಷ್ಯರ ಮೂತ್ರದಲ್ಲಿ ಹರಳುಗಳನ್ನು ಅವರೇ ಹುಟ್ಟಿಸಿ, ತೊಳೆದು, ಕರಗಿಸಿ ನೋಡಿದರು. ಮೂತ್ರದಲ್ಲಿ ಪ್ರೋಟೀನುಗಳು ಹಲವಾರು. ಹರಳು ಮಾತ್ರ ಅವುಗಳಲ್ಲಿ ಕೆಲವನ್ನೇ ಆರಿಸಿ ಒಳಗೆ ಸೇರಿಸಿಕೊಂಡಿತ್ತು. ಎದ್ದು ಕಂಡ ಒಂದಕ್ಕೆ 1991ರಲ್ಲಿ ‘ಹರಳಿನ ಗಾರೆಯ ಪ್ರೋಟೀನು’ ಎಂಬರ್ಥದ ಹೆಸರಿಟ್ಟರು. ಎರಡು ವರ್ಷದ ನಂತರ ಅದರ ಅಮೈನೋ ಆಮ್ಲಗಳ ಸರಣಿ ಓದಿದಾಗ ಗುರುತು ಹತ್ತಿತು. ಅದು ರಕ್ತದ ಪ್ರೋಥ್ರಾಂಬಿನ್ ಕುಟುಂಬದ್ದು, ಆಮೇಲೆ ಖಚಿತವಾದಂತೆ ಅದರ ಕಡಿದ ತಲೆಯೇ, ಅಂದರೆ ‘ಫ್ರಾಗ್ಮೆಂಟ್ 1’.

ಇದು ಹರಳಿಗೆ ಅಂಟಲು ಕಾರಣ ಗೊತ್ತಿತ್ತು. 1974ರಲ್ಲಿ ಸ್ವೀಡನ್ನಿನ ಯೋಹಾನ್ ಸ್ಟೆನ್‌ಫ್ಲೋ ಮತ್ತು ಸಂಗಡಿಗರು ಪ್ರೋಥ್ರಾಂಬಿನ್ನಿನ ಈ ತಲೆಯ ಭಾಗದಲ್ಲಿ, ವಿಟಮಿನ್ ಕೆ ಇದ್ದರಷ್ಟೇ ರೂಪುಗೊಳ್ಳುವ ಒಂದು ವಿಶೇಷ ಅಮೈನೋ ಆಮ್ಲವನ್ನು ಗುರುತಿಸಿದ್ದರು. ಅಂಥ ಹತ್ತು ಆಮ್ಲಗಳು ಇಲ್ಲಿವೆ. ಇಕ್ಕಳದ ಹಾಗೆ ಕ್ಯಾಲ್ಸಿಯಂ ಹಿಡಿಯುವುದೇ ಅವುಗಳ ಕೆಲಸ. ಗಾಯದ ಜಾಗದಲ್ಲಿ ಆ ಹಿಡಿತ ಪ್ರೋಥ್ರಾಂಬಿನ್ನನ್ನು ನಿಲ್ಲಿಸುತ್ತದೆ; ಮೂತ್ರದಲ್ಲಿ ಹರಳಿನ ಮೈಗೆ ಅಂಟಿಸುತ್ತದೆ. ಪ್ರಯೋಗಾಲಯದಲ್ಲಿ ನೋಡಿದರೆ ಈ ತುಣುಕು ಹರಳುಗಳು ಒಂದಕ್ಕೊಂದು ಗುಂಪಾಗುವುದನ್ನು ತಡೆಯುತ್ತದೆ. ಕಲ್ಲು ಕಟ್ಟಲು ಗಾರೆಯಾಗಿದೆ ಎಂದುಕೊಂಡದ್ದು ಕಲ್ಲು ಕಟ್ಟದಂತೆ ಕಾಯಲು ಬಂದಿದ್ದಿರಬಹುದು. ಕಲ್ಲಿನ ಕಾಯಿಲೆ ತೀರ ವಿರಳವಾಗಿರುವ ದಕ್ಷಿಣ ಆಫ್ರಿಕಾದ ಕಪ್ಪು ಜನರ ಮತ್ತು ಕಲ್ಲು ಸಾಮಾನ್ಯವಾಗಿರುವ ಅಲ್ಲಿನ ಬಿಳಿಯರ ಮೂತ್ರದಲ್ಲಿನ ಈ ತುಣುಕನ್ನು ಕೇಪ್‌ಟೌನಿನ ಸಂಶೋಧಕರು ಹೋಲಿಸಿ ನೋಡಿದ್ದು ಇದೇ ಗುಮಾನಿಯಿಂದ.

ಅಲ್ಲೂ ಎದುರಾದದ್ದು ಹಳೆಯ ಪ್ರಶ್ನೆಯೇ. ಪ್ರೋಥ್ರಾಂಬಿನ್ ತಯಾರಾಗುವುದು ಯಕೃತ್ತಿನಲ್ಲಿ ಎಂಬುದು ಎಲ್ಲ ಪುಸ್ತಕಗಳ ಮಾತು. ಹಾಗಾದರೆ ಮೂತ್ರದ ತುಣುಕು ರಕ್ತದಿಂದ ಜಾರಿ ಬಂದದ್ದಿರಬೇಕು. ಮುಂದೆ ರಯಾಲ್ ಅವರ ಗುಂಪು ಇಲಿಗಳ ಮೂತ್ರಪಿಂಡದಲ್ಲೇ ಪ್ರೋಥ್ರಾಂಬಿನ್ ಜೀನು ಕೆಲಸ ಮಾಡುವುದನ್ನು ತೋರಿಸಿತು. ಜಪಾನಿನ ಸಂಶೋಧಕರು ಮನುಷ್ಯರ ಮೂತ್ರಪಿಂಡದಲ್ಲಿ ಅದರ ಕುರುಹು ಕಂಡರು. ಇದಕ್ಕೂ ಮೊದಲು, 1989ರಲ್ಲಿ, ಅಮೆರಿಕದ ಥಾಮಸ್ ಡ್ರೇಕ್ ಮತ್ತು ಸಂಗಡಿಗರು ಇನ್ನೊಂದನ್ನು ಕಂಡಿದ್ದರು: ರಕ್ತ ಹೆಪ್ಪುಗಟ್ಟುವ ಸರಪಳಿಗೆ ಮೊದಲ ಕಿಡಿ ಹಚ್ಚುವ ‘ಟಿಶ್ಯೂ ಫ್ಯಾಕ್ಟರ್’ ಮೂತ್ರಪಿಂಡದ ಸೋಸುವ ಗಂಟುಗಳಲ್ಲಿ ದಟ್ಟವಾಗಿದೆ. ದಿನವಿಡೀ ರಕ್ತದ ಒತ್ತಡ ತಡೆದುಕೊಳ್ಳುವ ಆ ಗಂಟುಗಳಲ್ಲಿ ಸಣ್ಣ ಬಿರುಕು ಬಿಟ್ಟರೆ ಮುಚ್ಚಲು ಅಂಟು ಬೇಕು. ಅಂಟು ನಾಳಗಳಿಗೆ ಇಳಿದರೆ ಬಿಡಿಸಲು ಕತ್ತರಿ ಬೇಕು. ಮೂತ್ರಪಿಂಡ ಎರಡನ್ನೂ ಮನೆಯಲ್ಲೇ ಮಾಡಿಟ್ಟುಕೊಂಡಿದೆ. ಯಾವುದರ ಎಷ್ಟು ಪಾಲು ರಕ್ತದಿಂದ ಬಂದದ್ದು, ಎಷ್ಟು ಮನೆಯದ್ದು ಎಂಬ ಲೆಕ್ಕ ಇನ್ನೂ ಮುಗಿದಿಲ್ಲ.

ಇಷ್ಟು ತಿಳಿದ ಮೇಲೆ ಹದಡಿಯ ಗದ್ದೆಯಲ್ಲಿ ಆಗುವುದು ಬೇರೆಯಾಗಿ ಕಾಣುತ್ತದೆ. ಲಂಡನ್ನಿನಲ್ಲಿ ಹಲ್ಲಿನ ಗಾಯದ ಮೇಲೆ ಒತ್ತಿದ ಅದೇ ವಿಷ ಇಲ್ಲಿ ನೇರ ರಕ್ತಕ್ಕೆ ಇಳಿಯುತ್ತದೆ. ಗಾಯವಿಲ್ಲದ ಕಡೆಯಲ್ಲೆಲ್ಲ ಪ್ರೋಥ್ರಾಂಬಿನ್‌ನ ತಲೆ ಕಡಿಸುತ್ತದೆ, ಮೈಯೆಲ್ಲ ಸಣ್ಣ ಸಣ್ಣ ಹೆಪ್ಪು ಹುಟ್ಟುತ್ತದೆ, ಹೆಪ್ಪಿಗೆ ಬೇಕಾದ ಸಾಮಗ್ರಿಯೇ ತೀರಿಹೋಗುತ್ತದೆ. ನಳಿಗೆಯಲ್ಲಿ ರಕ್ತ ಗಟ್ಟಿಯಾಗದಿರುವುದು ಅತಿಯಾಗಿ ಗಟ್ಟಿಯಾದದ್ದರ ಫಲ. ಆ ಸಣ್ಣ ಹೆಪ್ಪುಗಳು ಸೋಸುವ ಗಂಟುಗಳಲ್ಲಿ ಸಿಕ್ಕಿಕೊಳ್ಳುತ್ತವೆ, ರಕ್ತದೊತ್ತಡ ಇಳಿಯುತ್ತದೆ, ವಿಷವೂ ನೇರವಾಗಿ ನಾಳಗಳನ್ನು ಕೆಡಿಸುತ್ತದೆ. ದಿನಕ್ಕೆ 400 ಎಂ.ಎಲ್.ಗಿಂತ ಮೂತ್ರ ಕಡಿಮೆಯಾದರೆ ಮೂತ್ರಪಿಂಡ ಸೋಲುತ್ತಿದೆ ಎಂದು ಲೆಕ್ಕ.

ನಮ್ಮ ದೊಡ್ಡಪ್ಪನನ್ನು ಇದೇ ಹಾವು ಕಚ್ಚಿ ಆಸ್ಪತ್ರೆಗೆ ಸೇರಿಸಿದಾಗ ದೊಡ್ಡಮ್ಮ ಉಚ್ಚೆಯ ಜಗ್ಗನ್ನು ಸೆರಗಿನಿಂದ ಮುಚ್ಚಿ ಮಂಚದ ಕೆಳಗೆ ಸರಿಸುತ್ತಿದ್ದಳು. ಬಂದವರ ಕಣ್ಣಿಗೆ ಬೀಳಬಾರದಲ್ಲ. ನರ್ಸ್ ಬಂದು, “ಯಾಕಮ್ಮಾ ಮುಚ್ಚಿಡ್ತೀರಿ? ನಮಗೆ ಬೇಕಾಗಿರೋದೇ ಅದು” ಎಂದು ಎತ್ತಿ ಬೆಳಕಿಗೆ ಹಿಡಿದಳು. “ಅಜ್ಜಾ, ಬೆಳಿಗ್ಗೆಯಿಂದ ಇಷ್ಟೇ ಹೋತಾ?” ಇಷ್ಟೇ ಹೋಗಿತ್ತು. ಬಣ್ಣ ಕಾಫಿಯ ಡಿಕಾಕ್ಷನ್ ಥರ. ನಾಲ್ಕು ಸಲ ಡಯಾಲಿಸಿಸ್ ಆದ ಮೇಲೆ ಜಗ್ಗಿನಲ್ಲಿ ಗೆರೆ ಏರತೊಡಗಿತು; ಆಗ ದೊಡ್ಡಮ್ಮನೇ ಬಂದವರಿಗೆಲ್ಲ ಜಗ್ಗು ತೋರಿಸುತ್ತಿದ್ದಳು.

ವಿಷಕ್ಕೆ ಕೊಡುವ ಮದ್ದು, ಅಂದರೆ ಆಂಟಿವೆನಮ್, ರಕ್ತದಲ್ಲಿ ತಿರುಗುವ ವಿಷವನ್ನು ಹಿಡಿಯಬಲ್ಲದು. ಆಗಲೇ ಕೆಟ್ಟ ಮೂತ್ರಪಿಂಡವನ್ನು ಸರಿಮಾಡಲಾರದು. ಆದ್ದರಿಂದ ಹೊತ್ತು ಮುಖ್ಯ. ಮದ್ದು ಯಾವ ಹಾವಿನ ವಿಷದಿಂದ ತಯಾರಾಯಿತು ಎಂಬುದೂ ಅಷ್ಟೇ ಮುಖ್ಯ. ಭಾರತದ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಟ್ಟಿಗೆ ತಯಾರಾಗುತ್ತದೆ. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ಒದಗಿಸುತ್ತ ಬಂದವರು ಚೆನ್ನೈ ಬಳಿಯ ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘದವರು. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಜಿ.ಪಿ. ಜಯಂತಿ ಮತ್ತು ಟಿ. ವೀರಬಸಪ್ಪ ಗೌಡ ಅವರು ದೇಶದ ಬೇರೆಬೇರೆ ಕಡೆಯ ಕೊಳಕುಮಂಡಲಗಳ ವಿಷದ ಅಂಶಗಳೂ ತೀವ್ರತೆಯೂ ಒಂದೇ ಅಲ್ಲ ಎಂದು 1988ರಲ್ಲೇ ಪ್ರಕಟಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಪ್ರಯೋಗಾಲಯ ಈಗ ಆಯಾ ಪ್ರದೇಶದ ಹಾವಿಗೆ ಹೊಂದುವ ಮದ್ದಿನ ಮೇಲೆ ಕೆಲಸ ಮಾಡುತ್ತಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹದಡಿಯ ಕಡೆಯ ಗದ್ದೆಯಲ್ಲಿ ಹಾವು ತುಳಿದವರ ಲೆಕ್ಕವೂ ಈಗ ಆ ಪುಸ್ತಕಕ್ಕೆ ಸೇರಬೇಕು.